ಹೊಸ ಶವರ್ ಪಂಪಿನೊಳಗೆ ಜಲ್ಲಿಕಲ್ಲಿನ ಸದ್ದು

ಪ್ರಶ್ನೆ: ಬಚ್ಚಲಿನಲ್ಲಿ ನೀರು ಸಣ್ಣಗೆ ಬರುತ್ತಿತ್ತು ಅಂತ ಹತ್ತು ದಿನದ ಹಿಂದೆ ಶವರ್ ಪಂಪ್ ಹಾಕಿಸಿದೆವು. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಕೂರಿಸಿದ್ದಾರೆ. ಶವರ್ ಬಿಟ್ಟಾಗ ಮೊದಲು ನೀರು ಜೋರಾಗಿಯೇ ಬರುತ್ತದೆ. ಸ್ವಲ್ಪ ಹೊತ್ತಿಗೆ ಬಿಟ್ಟು ಬಿಟ್ಟು ಬರಲು ಶುರು. ಪಂಪಿನೊಳಗೆ ಯಾರೋ ಜಲ್ಲಿಕಲ್ಲು ಅಲ್ಲಾಡಿಸಿದ ಹಾಗೆ ಸದ್ದು. ಸಾಲದ್ದಕ್ಕೆ, ರಾತ್ರಿ ಎಲ್ಲ ನಲ್ಲಿ ಮುಚ್ಚಿದ್ದರೂ ಆಗಾಗ ತಾನಾಗಿ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಕೂರಿಸಿದವರು ‘ಪಂಪೇ ಸರಿಯಿಲ್ಲ, ಬದಲಾಯಿಸಿ’ ಅನ್ನುತ್ತಿದ್ದಾರೆ. ಬದಲಾಯಿಸಬೇಕಾ?

ಉತ್ತರ: ಸ್ವಲ್ಪ ತಡೆಯಿರಿ. ಮೊದಲು ಜೋರಾಗಿ ಬರುತ್ತದೆ ಅಂದಿರಲ್ಲ, ಅದೇ ದೊಡ್ಡ ಸುಳಿವು. ಮೋಟರ್ ಅಥವಾ ಒಳಗಿನ ಚಕ್ರ ಕೆಟ್ಟಿದ್ದರೆ ಮೊದಲ ಕ್ಷಣದಿಂದಲೇ ನೀರು ಸಪ್ಪೆಯಾಗಿ ಬರಬೇಕಿತ್ತು. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇರುವ ಹಾಗೆ ಕಾಣುತ್ತದೆ.

ಮೊದಲು ಆ ಜಲ್ಲಿಕಲ್ಲಿನ ಸದ್ದು. ಪಂಪ್ ನೀರನ್ನು ತಳ್ಳುತ್ತದೆ ಅಷ್ಟೆ, ಹುಟ್ಟಿಸುವುದಿಲ್ಲ. ಹಿಂದಿನಿಂದ ಬರುವ ನೀರು ಮುಂದೆ ಹೋಗುವಷ್ಟು ಇಲ್ಲದಿದ್ದರೆ ಚಕ್ರದ ಬಾಯಲ್ಲಿ ಒತ್ತಡ ಕುಸಿಯುತ್ತದೆ. ಅಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಪಟಪಟ ಒಡೆಯುತ್ತವೆ. ನಿಮಗೆ ಕೇಳುತ್ತಿರುವುದು ಅದೇ. ಹೀಗೇ ಬಿಟ್ಟರೆ ಚಕ್ರವೂ ಸವೆಯುತ್ತದೆ.

ಇದಕ್ಕೆ ಒಂದು ಬಕೆಟ್ ಸಾಕು. ಪ್ಲಗ್ ಕಿತ್ತಿಡಿ, ವಾಲ್ವ್ ಮುಚ್ಚಿ, ಪಂಪಿಗೆ ನೀರು ತರುವ ಪೈಪನ್ನು ಬಿಚ್ಚಿ ಬಕೆಟ್ಟಿಗೆ ಹಿಡಿಯಿರಿ. ಈಗ ವಾಲ್ವ್ ಪೂರ್ತಿ ತೆರೆದು ಗಡಿಯಾರ ನೋಡಿ. ಸಾಮಾನ್ಯ ಶವರ್‌ಗೆ ನಿಮಿಷಕ್ಕೆ 8ರಿಂದ 12 ಲೀಟರ್ ಬೇಕು. 10 ಲೀಟರ್ ಬಕೆಟ್ ತುಂಬಲು ಒಂದು ನಿಮಿಷಕ್ಕಿಂತ ಬಹಳ ಜಾಸ್ತಿ ಹಿಡಿದರೆ, ಅಡಚಣೆ ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿದೆ. ಅರ್ಧ ತೆರೆದ ವಾಲ್ವ್, ಮಡಚಿದ ಹೋಸ್, ಸಣ್ಣ ಬಾಯಿಯ ಪೈಪು, ಇವೇ ಮಾಮೂಲಿ ಕಳ್ಳರು. ಬಳುಕುವ ಹೋಸ್ ಹೊರಗಿನಿಂದ ದಪ್ಪ ಕಂಡರೂ ಒಳಗಿನ ರಂಧ್ರ ಚಿಕ್ಕದಿರುತ್ತದೆ.

ಬಕೆಟ್ ಬೇಗ ತುಂಬಿತಾ? ಹಾಗಾದರೆ ಪಂಪಿನ ಬಾಯಲ್ಲಿರುವ ಜಾಲರಿ ನೋಡಿ. ಹೊಸ ಕೆಲಸದಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಪೈಪ್ ಕೊಯ್ದ ಚೂರು, ಬಿಳಿ ಟೇಪಿನ ಎಳೆ ಎಲ್ಲ ಇಲ್ಲಿಗೇ ಬಂದು ಸೇರುತ್ತವೆ. ನೀರು ಓಡುವಾಗ ಜಾಲರಿಗೆ ಅಂಟಿಕೊಳ್ಳುತ್ತವೆ, ಪಂಪ್ ನಿಂತಾಗ ಕಳಚಿ ಬೀಳುತ್ತವೆ. ಅದಕ್ಕೇ ಪ್ರತಿಸಲವೂ ಮೊದಲು ಚೆನ್ನಾಗಿದ್ದು ಆಮೇಲೆ ಕೆಡುತ್ತದೆ. ಪಂಪ್ ಜೋಡಿಸುವ ಮುಂಚೆ ಒಂದೆರಡು ಬಕೆಟ್ ನೀರನ್ನು ಸುಮ್ನೆ ಹೊರಗೆ ಬಿಟ್ಟಿದ್ದರೆ ಈ ಕಸ ಹೋಗುತ್ತಿತ್ತು. ಬಹಳ ಜನ ಬಿಡುವುದಿಲ್ಲ.

ಜಾಲರಿಯೂ ಶುದ್ಧವಾಗಿದ್ದರೆ ಗಾಳಿ. ಪೈಪು ಎಲ್ಲಾದರೂ ಮೇಲೆದ್ದು ಮತ್ತೆ ಕೆಳಗಿಳಿದಿದ್ದರೆ ಆ ಗೂನಿನಲ್ಲಿ ಗಾಳಿ ಕೂತುಕೊಳ್ಳುತ್ತದೆ. ಪಂಪಿಗೆ ನೀರು ಬರುವ ಕಡೆಯ ಜಾಯಿಂಟ್ ಸಡಿಲವಿದ್ದರೂ ಅಷ್ಟೆ. ಪಂಪ್ ನಿಂತಾಗ ಒಂದು ಹನಿ ಒಸರುತ್ತದೆ, ಓಡುವಾಗ ಅದೇ ಸಂದಿಯಿಂದ ಗಾಳಿ ಎಳೆಯುತ್ತದೆ. ಒಣ ಕಾಗದ ಸುತ್ತಿ ನೋಡಿದರೆ ಗೊತ್ತಾಗುತ್ತದೆ. ಬಿಸಿನೀರಿನ ಪೈಪಿಗೂ ಪಂಪ್ ಇದ್ದರೆ ಗೀಸರನ್ನು 60 ಡಿಗ್ರಿ ದಾಟಿಸಬೇಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಗಾಳಿ ಹೊರಬರುತ್ತದೆ. ಗಾಳಿ ತೆಗೆಯಲು ಕರೆಂಟ್ ಆಫ್ ಇರುವಾಗಲೇ ಶವರ್ ತಲೆ ಬಿಚ್ಚಿ, ಹೋಸನ್ನು ನೆಲಕ್ಕೆ ಇಳಿಸಿ, ಗುಳುಗುಳು ನಿಲ್ಲುವವರೆಗೆ ನೀರು ಹರಿಯಲು ಬಿಡಿ. ಇಷ್ಟು ಮಾಡುವವರೆಗೆ ನೀರಿಲ್ಲದ ಪಂಪನ್ನು ಓಡಿಸಿ ನೋಡುವ ಆಸೆ ಬೇಡ. ಒಳಗಿನ ಸೀಲು ತಂಪಾಗುವುದು ನೀರಿನಿಂದಲೇ. ಒಣಗಿದರೆ ಸ್ವಲ್ಪ ಹೊತ್ತಿಗೇ ಸುಟ್ಟು ಹೋಗುತ್ತದೆ. ಆಗ ನಿಜವಾಗಿಯೂ ಪಂಪೇ ಸರಿಯಿಲ್ಲ ಅಂತಾಗುತ್ತದೆ.

ಇನ್ನು ರಾತ್ರಿಯ ಓಟ. ನಿಮ್ಮದು ಒತ್ತಡ ಇಳಿದಾಗ ಶುರುವಾಗುವ ಪಂಪ್ ಇರಬೇಕು. ಎಲ್ಲೋ ನೀರು ಸೋರುತ್ತಿದೆ, ಪೈಪಿನ ಒತ್ತಡ ನಿಧಾನಕ್ಕೆ ಇಳಿಯುತ್ತಿದೆ, ಪಂಪ್ ಎದ್ದು ಅದನ್ನು ತುಂಬಿಸಿ ಮಲಗುತ್ತಿದೆ. ಮಲಗುವ ಮುಂಚೆ ಪಂಪಿನಿಂದ ನೀರು ಹೊರಹೋಗುವ ಕಡೆಯ ವಾಲ್ವ್ ಮುಚ್ಚಿ. ರಾತ್ರಿಯಿಡೀ ಸುಮ್ಮನಿದ್ದರೆ ಸೋರಿಕೆ ಮನೆಯೊಳಗಿದೆ. ಹೆಚ್ಚಾಗಿ ಕಮೋಡಿನ ಫ್ಲಷ್ ಟ್ಯಾಂಕಿನಲ್ಲಿ. ಅದಕ್ಕೆ ಸ್ವಲ್ಪ ಬಣ್ಣ ಹಾಕಿಡಿ, ಬೆಳಗ್ಗೆ ಕಮೋಡಿನಲ್ಲಿ ಬಣ್ಣ ಕಂಡರೆ ಕಳ್ಳ ಸಿಕ್ಕಿದ. ವಾಲ್ವ್ ಮುಚ್ಚಿದರೂ ಪಂಪ್ ಓಡಿದರೆ, ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡಿರಬಹುದು. ಜಾಲರಿಗೆ ಬಂದ ಕಸವೇ ಅಲ್ಲಿಗೂ ಹೋಗಿರುತ್ತದೆ, ಅಲ್ವಾ?

ಪ್ರಶ್ನೆ: ನಮ್ಮ ಹೊಸ ಪಂಪ್ ಮೇಲ್ಮಹಡಿಯ ಶವರ್ ಬಿಟ್ಟರೆ ಶುರುವೇ ಆಗುವುದಿಲ್ಲ. ಕೆಳಗಿನ ನಲ್ಲಿ ತಿರುಗಿಸಿದರೆ ಓಡುತ್ತದೆ, ಆಗ ಮೇಲೂ ಚೆನ್ನಾಗಿ ಬರುತ್ತದೆ!

ಉತ್ತರ: ನಿಮ್ಮ ಪಂಪಿನಲ್ಲಿರುವುದು ನೀರು ಹರಿದಾಗ ಮಾತ್ರ ಎಚ್ಚರವಾಗುವ ಸ್ವಿಚ್. ಮೊದಲು ಒಂದಿಷ್ಟು ನೀರು ತಾನಾಗಿಯೇ ಹರಿಯಬೇಕು, ಆಮೇಲೆ ಪಂಪ್ ಏಳುತ್ತದೆ. 10 ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಸುಮಾರು 1 ಬಾರ್ ಅಷ್ಟೇ. ಟ್ಯಾಂಕಿನ ನೀರು ಶವರ್ ತಲೆಗಿಂತ ಒಂದೆರಡು ಅಡಿ ಮಾತ್ರ ಮೇಲಿದ್ದರೆ ಆ ಸ್ವಿಚ್ಚಿನ ರೆಕ್ಕೆ ಅಲುಗುವುದೂ ಇಲ್ಲ. ಕೈ ಶವರ್ ಇದ್ದರೆ ಅದನ್ನು ನೆಲಕ್ಕೆ ಇಳಿಸಿ ಬಿಟ್ಟು ನೋಡಿ. ಪಂಪ್ ಎದ್ದರೆ ಕಾರಣ ಎತ್ತರವೇ. ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಒತ್ತಡ ಇಳಿದಾಗ ಏಳುವ ಬಗೆಯ ಪಂಪಿಗೆ ಬದಲಾಯಿಸಿಕೊಳ್ಳಬೇಕು. ಬದಲಾಯಿಸಿದ ಮೇಲೆ ಮೊದಲು ಫ್ಲಷ್ ಟ್ಯಾಂಕಿನ ಸೋರಿಕೆ ನೋಡಿಬಿಡಿ, ಇಲ್ಲದಿದ್ದರೆ ಮೇಲಿನವರ ರಾತ್ರಿಯ ಕತೆ ನಿಮ್ಮದೂ ಆಗುತ್ತದೆ.