ಡೀನ್ ಪತ್ರಕ್ಕಿಂತ ಮೊದಲು ನಿನ್ನ ಐ-20 ನೋಡು

ಅಮೆರಿಕಕ್ಕೆ ಬಂದ ಮೊದಲ ಸೆಮಿಸ್ಟರ್‌ನಲ್ಲೇ 15 ಕ್ರೆಡಿಟ್‌ಗೆ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) 1.4. ಡೀನ್ ಆಫೀಸಿನಿಂದ ಪ್ರೊಬೇಷನ್ ಪತ್ರ, ಅಂದರೆ ಎಚ್ಚರಿಕೆ ಪತ್ರ ಬಂದಿದೆ, ಈ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಒಟ್ಟು 2.0 ಮುಟ್ಟದಿದ್ದರೆ ಡಿಸ್ಮಿಸ್ ಅಂತೆ. ಮ್ಯಾಥ್ಸ್ ಕೈಕೊಡುತ್ತಿದೆ, ಮನೆಯಲ್ಲಿ ಹೇಳಿಲ್ಲ, ಈಗಲೇ ಗಂಟುಮೂಟೆ ಕಟ್ಟಲಾ ಅಂತ ಕೇಳಿದ್ದೀಯ. ಕಟ್ಟಬೇಡ ತಮ್ಮಾ. ಇನ್ನೂ ಟೈಮ್ ಇದೆ.

ಎಲ್ಲರೂ ಡೀನ್ ಪತ್ರಕ್ಕೇ ಹೆದರುತ್ತಾರೆ. ಇಷ್ಟು ವರ್ಷ ಇಲ್ಲಿದ್ದು ನಾನು ನೋಡಿದ್ದು ಬೇರೆ. ಮಾರ್ಕ್ಸ್ ವಿಷಯ ಒಂದು, ವೀಸಾ ವಿಷಯ, ಅಂದರೆ ನಿನ್ನ ಐ-20 (ವಿದ್ಯಾರ್ಥಿ ವೀಸಾಗೆ ಯೂನಿವರ್ಸಿಟಿ ಕೊಡುವ ದಾಖಲೆ), ಇನ್ನೊಂದು. ಮೊದಲನೆಯದನ್ನು ಸರಿಮಾಡಲು ಹೋಗಿ ಎರಡನೆಯದನ್ನು ಕೆಡಿಸಿಕೊಂಡವರೇ ಜಾಸ್ತಿ. ನಮ್ಮ ಪರಿಚಯದ ಹುಡುಗನೊಬ್ಬ ಹೀಗೇ ಒದ್ದಾಡುತ್ತಿದ್ದ. ಭಾರ ಕಡಿಮೆ ಆಗಲಿ ಅಂತ ರಾತ್ರಿ ಕೂತು ಆನ್‌ಲೈನಲ್ಲೇ ಎರಡು ಕೋರ್ಸ್ ಡ್ರಾಪ್ ಮಾಡಿದ, 9 ಕ್ರೆಡಿಟ್‌ಗೆ ಇಳಿದ, ಯಾರಿಗೂ ಹೇಳಲಿಲ್ಲ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವ ಡಿಗ್ರಿ ವಿದ್ಯಾರ್ಥಿಗೆ ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ಅವನ ಗ್ರೇಡ್ ಬರುವ ಮೊದಲೇ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ರೆಕಾರ್ಡ್ ಟರ್ಮಿನೇಟ್ ಆಗಿತ್ತು. ಡೀನ್ ಅವನನ್ನು ಕಳಿಸಲೇ ಇಲ್ಲ, ಆ ಒಂದು ಕ್ಲಿಕ್ ಕಳಿಸಿತು.

ಆದ್ದರಿಂದ ಮೊದಲು ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗು. ಈಮೇಲ್ ಬೇಡ, ಅಪಾಯಿಂಟ್‌ಮೆಂಟ್ ತಗೊಂಡು ಎದುರು ಕೂತು ಮಾತಾಡು. ನಿನ್ನ ಐ-20ಗೆ ಸಹಿ ಹಾಕುವ ಡಿಎಸ್‌ಒ, ಅಂದರೆ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಯೂನಿವರ್ಸಿಟಿ ಅಧಿಕಾರಿ ಇರುತ್ತಾರಲ್ಲ, ಅವರು ಪೊಲೀಸ್ ಅಲ್ಲ. ಮಾರ್ಕ್ಸ್ ಕಡಿಮೆ ಬಂತು ಅಂತ ಯಾರೂ ನಿನ್ನನ್ನು ಹಿಡಿದು ಕಳಿಸುವುದಿಲ್ಲ. ಇಲ್ಲಿನ ಪಾಠದ ರೀತಿ ಹೊಸದು, ಇಂಗ್ಲಿಷ್ ಕಷ್ಟ, ಅಥವಾ ತಪ್ಪು ಲೆವೆಲ್ಲಿನ ಕೋರ್ಸಿಗೆ ಹಾಕಿದ್ದಾರೆ ಅಂತಿದ್ದರೆ ಒಂದು ಸಲಕ್ಕೆ 12ಕ್ಕಿಂತ ಕಡಿಮೆ ಓದಲು ಅವರು ಅನುಮತಿ ಕೊಡಬಹುದು. ಆದರೂ 6 ಕ್ರೆಡಿಟ್‌ಗಿಂತ ಕೆಳಗೆ ಇಳಿಯುವಂತಿಲ್ಲ, ಮುಂದಿನ ಸೆಮಿಸ್ಟರ್ ಪೂರ್ತಿ ತಗೊಳ್ಳಬೇಕು. ನಿದ್ದೆ ಇಲ್ಲ, ಹಾಸಿಗೆಯಿಂದ ಏಳೋಕೇ ಆಗುತ್ತಿಲ್ಲ ಅಂತ ನೀನು ಸುಮ್ನೆ ಒಂದು ಸಾಲಲ್ಲಿ ಬರೆದು ಮುಂದೆ ಹೋಗಿದ್ದೀಯ, ಅದು ಸಣ್ಣ ವಿಷಯ ಅಲ್ಲ. ಡಾಕ್ಟರ್ ಪತ್ರ ಇದ್ದರೆ ಆರೋಗ್ಯದ ಕಾರಣಕ್ಕೂ ಹೀಗೆ ಅನುಮತಿ ಸಿಗುತ್ತದೆ. ಏನೇ ಇದ್ದರೂ ಅನುಮತಿ ಮೊದಲು, ಡ್ರಾಪ್ ಆಮೇಲೆ.

ಈಗ ಲೆಕ್ಕಕ್ಕೆ ಬರೋಣ. ಕಳೆದ ಸಲ 15 ಕ್ರೆಡಿಟ್‌ಗೆ 1.4 ಅಂದರೆ ಎರಡನ್ನೂ ಗುಣಿಸಿದರೆ 21 ಪಾಯಿಂಟ್. ಈ ಸಲವೂ 15 ಮುಗಿಸಿದರೆ ಒಟ್ಟು 30ಕ್ಕೆ 60 ಪಾಯಿಂಟ್ ಬೇಕು, ಅಂದರೆ ಈ ಸೆಮಿಸ್ಟರ್ 2.6 ಬಂದರೆ ಸಾಕು. 3 ಕ್ರೆಡಿಟ್ಟಿನ ಮ್ಯಾಥ್ಸ್‌ನಲ್ಲಿ ಎಫ್ ಬಂದರೆ ಉಳಿದ 12ರಲ್ಲಿ 3.25 ತರಬೇಕು, ಅದು ನಿನಗೆ ಈಗ ಕಷ್ಟ. ಅದೇ ಮ್ಯಾಥ್ಸನ್ನು ಡೇಟ್ ಮುಗಿಯುವ ಮೊದಲು ಬಿಟ್ಟು ಡಬ್ಲ್ಯೂ (ಕೋರ್ಸ್ ಬಿಟ್ಟಿದ್ದಾನೆ ಅನ್ನುವ ಗುರುತು, ಜಿಪಿಎ ಲೆಕ್ಕಕ್ಕೆ ಬರಲ್ಲ) ತಗೊಂಡರೆ 2.75 ಸಾಕು, ಕ್ರೆಡಿಟ್ಟೂ ಸರಿಯಾಗಿ 12ಕ್ಕೆ ನಿಲ್ಲುತ್ತದೆ. ನನ್ನ ಕೇಳಿದರೆ ಬಿಡು ಅಂತೀನಿ. ಕಳೆದ ಸಲ ಫೇಲಾದ ಕೋರ್ಸನ್ನು ಮತ್ತೆ ತಗೊಂಡರೆ ಹಳೇ ಗ್ರೇಡ್ ಲೆಕ್ಕದಿಂದ ಹೋಗುತ್ತದಾ ಅಂತಲೂ ಅಡ್ವೈಸರ್‌ನ ಕೇಳು. ಎಷ್ಟೋ ಯೂನಿವರ್ಸಿಟಿಗಳಲ್ಲಿ ಹಾಗಿದೆ.

ಓದೋದರ ಬಗ್ಗೆ ಜಾಸ್ತಿ ಉಪದೇಶ ಮಾಡಲ್ಲ. ಕೊನೇ ವಾರ ಕೂತು ಓದಿ ದಡ ಸೇರುವ ಆಟ ಇಲ್ಲಿ ನಡೆಯೋದು ಕಷ್ಟ. ಹೋಮ್‌ವರ್ಕ್, ಕ್ವಿಜ್, ಮಿಡ್‌ಟರ್ಮ್ ಎಲ್ಲ ಸೇರಿ ಗ್ರೇಡಿನ ದೊಡ್ಡ ಪಾಲು ಆಗಲೇ ಮುಗಿದಿರುತ್ತದೆ. ಅರ್ಧಂಬರ್ಧ ಆಗಿದ್ದರೂ ಹೋಮ್‌ವರ್ಕ್ ಹಾಕು. ಕ್ಯಾಂಪಸ್ ಕೆಲಸದ ವಾರಕ್ಕೆ 20 ಗಂಟೆ ಅನ್ನೋದು ಮಿತಿ, ಅಷ್ಟೂ ಮಾಡಲೇಬೇಕು ಅಂತಿಲ್ಲ, ಕಡಿಮೆ ಮಾಡು. ಇನ್ನೊಂದು, ಫ್ರೆಂಡ್ ಅಸೈನ್‌ಮೆಂಟ್ ಕಾಪಿ ಮಾತ್ರ ಮಾಡಬೇಡ. ಮಾರ್ಕ್ಸ್ ಕಡಿಮೆ ಇದ್ದವನಿಗೆ ಎರಡನೇ ಅವಕಾಶ ಕೊಡುತ್ತಾರೆ, ಕಾಪಿ ಹೊಡೆದವನ ಮೇಲೆ ಅಷ್ಟು ಕರುಣೆ ಇರಲ್ಲ.

ಕೊನೆಗೂ ಡಿಸ್ಮಿಸ್ ಪತ್ರ ಬಂತು ಅಂತಿಟ್ಟುಕೋ. ಅಪೀಲ್ ಹಾಕಬಹುದು. "ನನ್ನ ಭವಿಷ್ಯ ನಿಮ್ಮ ಕೈಯಲ್ಲಿದೆ" ಅಂತೆಲ್ಲ ಬರೆಯಬೇಡ, ಓದುವವರಿಗೆ ಅದರಿಂದ ಏನೂ ತಿಳಿಯಲ್ಲ. "ಅಕ್ಟೋಬರ್‌ನಿಂದ ನಿದ್ದೆ ಇರಲಿಲ್ಲ, ಬೆಳಗಿನ ಕ್ಲಾಸ್ ತಪ್ಪಿಸಿದೆ, ಈಗ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ, ಪತ್ರ ಲಗತ್ತಿಸಿದ್ದೇನೆ" ಅಂತ ಬರೆ. ಒಂದು ಪುಟ ಸಾಕು. ಜೊತೆಗೇ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೂ ಅರ್ಜಿ ಹಾಕಿಡು. ರೆಕಾರ್ಡ್ ಇನ್ನೂ ಆ್ಯಕ್ಟಿವ್ ಇರುವಾಗ ಟ್ರಾನ್ಸ್‌ಫರ್ ಸುಲಭ, ಟರ್ಮಿನೇಟ್ ಆದಮೇಲೆ ದೊಡ್ಡ ತಲೆನೋವು. ಕೋರ್ಸ್ ಮುಗಿಸಿದವರಿಗೆ ದೇಶ ಬಿಡಲು ಸಿಗುವ 60 ದಿನ ಆಗ ನಿನಗೆ ಸಿಗಲ್ಲ.

ಮನೆಯಲ್ಲಿ ಹೇಳಬೇಕಾ ಅಂತ ಕೇಳಿದ್ದೀಯ. ಯೂನಿವರ್ಸಿಟಿ ಫೋನ್ ಮಾಡಿ ಹೇಳುತ್ತೆ ಅಂತ ಹೆದರಬೇಡ, ಗ್ರೇಡ್ ವಿಷಯ ಸಾಮಾನ್ಯವಾಗಿ ನಿನ್ನ ಒಪ್ಪಿಗೆ ಇಲ್ಲದೆ ಹೊರಗೆ ಹೋಗಲ್ಲ. ಆದರೆ ಮುಂದಿನ ಫೀಸ್ ಕಟ್ಟುವ ಮೊದಲು ನೀನೇ ಹೇಳು. ದುಡ್ಡು ಕೊಡುವವರಿಗೆ ಅದು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಿರಬೇಕು, ಅಲ್ವಾ? ಡಿಎಸ್‌ಒ ಹತ್ತಿರ ಮಾತಾಡಿದ ಮೇಲೆ ಹೇಳಿದರೆ ಒಳ್ಳೆಯದು, ಆಗ ಮನೆಯವರು ಕೇಳುವ ಪ್ರಶ್ನೆಗಳಿಗೆ ನಿನ್ನ ಹತ್ತಿರ ಉತ್ತರ ಇರುತ್ತದೆ.

ಮ್ಯಾಥ್ಸ್ ಡ್ರಾಪ್ ಮಾಡಲು ಕೊನೇ ದಿನ ಯಾವತ್ತು ಅಂತ ನೀನು ಬರೆದಿಲ್ಲ. ಅಕಾಡೆಮಿಕ್ ಕ್ಯಾಲೆಂಡರ್‌ನಲ್ಲಿ ಇರುತ್ತದೆ, ಇವತ್ತೇ ನೋಡು.