ಸುಂಕ ಏರಿದರೆ ಸೈನ್ಯ ಹೊರಡುತ್ತದೆಯೇ?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಮ್ಮದು ಶಿಡ್ಲಘಟ್ಟ. ತಾತನ ಕಾಲದಿಂದ ನೂಲು ಬಿಚ್ಚುವ ಕೆಲಸ. ಅಮೆರಿಕ–ಚೀನಾ ಸುಂಕದ ಜಗಳ ಶುರುವಾದಾಗಿನಿಂದ ಟೀವಿಯವರು ಮೂರನೇ ಮಹಾಯುದ್ಧ ಬಂತು ಅಂತ ಹೇಳ್ತಾನೇ ಇದ್ದಾರೆ. ಚೀನಾ ನೂಲು ಅಗ್ಗಕ್ಕೆ ಬಂದಾಗಲೆಲ್ಲ ನಮ್ಮಲ್ಲಿ ಗೂಡಿನ ರೇಟು ಬೀಳುತ್ತೆ. ಹಾಗಂತ ನಾವೇನು ಯುದ್ಧಕ್ಕೆ ಹೋಗ್ತೀವಾ? ನನ್ನ ಮೊಮ್ಮಗ ಬೆಂಗಳೂರಲ್ಲಿ ಎಂ.ಬಿ.ಎ. ಓದ್ತಾನೆ. ಇಷ್ಟೊಂದು ವ್ಯಾಪಾರ ಇಟ್ಟುಕೊಂಡವರು ಹೊಡೆದಾಡಲ್ಲ ತಾತ ಅಂತಾನೆ. ವ್ಯಾಪಾರ ಕೆಟ್ಟು ದೊಡ್ಡ ದೇಶಗಳು ಯುದ್ಧ ಮಾಡಿದ್ದು ನಿಜವಾಗಿ ಉಂಟಾ? ಬಿಡಿಸಿ ಬರೆಯಿರಿ.

ಸಂಪಾದಕರ ಉತ್ತರ:

ಹಿರಿಯರಿಗೆ ನಮಸ್ಕಾರ.

ಉಂಟು. ಅಂಥದ್ದೊಂದು ಯುದ್ಧದ ದಾರಿ ರೇಷ್ಮೆ ಗೂಡಿನ ಮೂಲಕವೇ ಹಾದುಹೋಗಿತ್ತು. ಅದಕ್ಕೇ ನಿಮ್ಮ ಪತ್ರ ಓದಿದ ಕೂಡಲೇ ಜಪಾನಿನ ಕಥೆ ಬರೆಯಬೇಕು ಅನ್ನಿಸಿತು. ಟೀವಿಯವರೂ ನಿಮ್ಮ ಮೊಮ್ಮಗನೂ ಇಬ್ಬರೂ ಅರ್ಧ ಸರಿ. ಯಾವ ಅರ್ಧ ಅನ್ನುವುದೇ ಮುಖ್ಯ. ಉತ್ತರ ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

1920ರ ದಶಕದಲ್ಲಿ ಜಪಾನ್ ಹೊರದೇಶಕ್ಕೆ ಮಾರುತ್ತಿದ್ದ ಸರಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಚ್ಚಾ ರೇಷ್ಮೆ. ಅದನ್ನು ಕೊಳ್ಳುತ್ತಿದ್ದದ್ದು ಹೆಚ್ಚು ಕಡಿಮೆ ಒಬ್ಬನೇ ಗಿರಾಕಿ, ಅಮೆರಿಕ. ಹುಳು ಸಾಕುತ್ತಿದ್ದ ರೈತ ಕುಟುಂಬಗಳು ಸುಮಾರು 20 ಲಕ್ಷ. ಹತ್ತು ರೈತರ ಮನೆಗಳಿದ್ದರೆ ನಾಲ್ಕರಲ್ಲಿ ಹುಳು ಸಾಕಣೆ. ಅಕ್ಕಿ ಊಟಕ್ಕೆ, ಗೂಡು ಕೈಕಾಸಿಗೆ. ಆ ಲೆಕ್ಕಾಚಾರ ನಿಮಗೆ ನಾನು ಹೇಳಿಕೊಡಬೇಕಿಲ್ಲ.

1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಕೈಯಲ್ಲಿ ಕಾಸಿಲ್ಲದಾಗ ಜನ ಮೊದಲು ಕೈಬಿಡುವುದು ರೇಷ್ಮೆಯಂಥ ವಸ್ತುವನ್ನೇ. ಎರಡು ವರ್ಷದೊಳಗೆ ಜಪಾನಿನ ರೇಷ್ಮೆ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಸಾಲದ್ದಕ್ಕೆ, ಹಣಕಾಸು ಸಚಿವ ಇನೋಉಯೆ 1930ರ ಜನವರಿಯಲ್ಲಿ ಜಪಾನಿನ ನಾಣ್ಯ ಯೆನ್ ಅನ್ನು ಹಳೆಯ ದರಕ್ಕೇ ಚಿನ್ನಕ್ಕೆ ಕಟ್ಟಿಹಾಕಿದ್ದರು, ಅಂದರೆ ಒಂದು ಯೆನ್‌ಗೆ ಇಷ್ಟೇ ಚಿನ್ನ ಎಂದು ನಿಗದಿ ಮಾಡಿದ್ದರು. ಅಷ್ಟು ಕೆಟ್ಟ ಮುಹೂರ್ತ ಇನ್ನೊಂದು ಸಿಗುತ್ತಿರಲಿಲ್ಲ. ಜಪಾನಿನ ಸರಕು ದುಬಾರಿಯಾಯಿತು, ಒಳಗೆ ದುಡ್ಡು ಬಿಗಿಯಾಯಿತು. 1931ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಚಳಿಗೆ ಬೆಳೆ ಹೋಯಿತು. ಹೆಣ್ಣುಮಕ್ಕಳನ್ನು ಮಾರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸೈನ್ಯದ ಜವಾನರು ಇದೇ ಹಳ್ಳಿಗಳ ಹುಡುಗರು. ಮನೆಯಿಂದ ಅವರಿಗೆ ಬರುತ್ತಿದ್ದ ಕಾಗದಗಳಲ್ಲಿ ಇದೇ ಇರುತ್ತಿತ್ತು. ಕಿರಿಯ ಅಧಿಕಾರಿಗಳು ಅದನ್ನು ನೋಡಿ ಕುದಿಯುತ್ತಿದ್ದರು.

ಅದೇ ವರ್ಷ ಸೆಪ್ಟೆಂಬರ್ 18ರಂದು ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಮುಕ್ಡೆನ್ ಹತ್ತಿರ ಜಪಾನಿ ಸೈನ್ಯದವರೇ ರೈಲು ಹಳಿಗೆ ಸ್ಫೋಟಕ ಇಟ್ಟು, ಚೀನೀಯರು ಮಾಡಿದರು ಎಂದು ಹೇಳಿ ದಾಳಿ ಶುರು ಮಾಡಿದರು. ಟೋಕಿಯೊ ಸರ್ಕಾರ ಅದಕ್ಕೆ ಅಪ್ಪಣೆ ಕೊಟ್ಟಿರಲಿಲ್ಲ. ಆದರೆ ಜನ ಸಂಭ್ರಮಪಟ್ಟರು. ಮಂಚೂರಿಯಾದಲ್ಲಿ ಕಲ್ಲಿದ್ದಲು, ಕಬ್ಬಿಣ, ಬೇಕಾದಷ್ಟು ಭೂಮಿ. ಹಸಿದವರಿಗೆ ಅದಕ್ಕಿಂತ ಒಳ್ಳೆಯ ಆಸೆ ಯಾರು ತೋರಿಸುತ್ತಾರೆ?

ಇಲ್ಲಿ ಒಂದು ಮಾತು. 1930ರಲ್ಲಿ ಅಮೆರಿಕ ಸುಂಕ ಏರಿಸಿದ್ದೇ ಯುದ್ಧಕ್ಕೆ ಕಾರಣ ಎಂದು ಬರೆಯುವವರು ಬಹಳ ಜನ. ಅದು ಸುಲಭದ ವಿವರಣೆ. ಸಾವಿರಕ್ಕೂ ಜಾಸ್ತಿ ಅರ್ಥಶಾಸ್ತ್ರಜ್ಞರು ಬೇಡ ಎಂದು ಸಹಿ ಹಾಕಿದರೂ ಅಧ್ಯಕ್ಷ ಹೂವರ್ ಆ ಕಾಯ್ದೆಗೆ ಒಪ್ಪಿಗೆ ಕೊಟ್ಟದ್ದು ನಿಜ. ಆದರೆ ಕಚ್ಚಾ ರೇಷ್ಮೆಗೆ ಅಮೆರಿಕದಲ್ಲಿ ಸುಂಕವೇ ಇರಲಿಲ್ಲ. ಜಪಾನಿನ ಹಳ್ಳಿಗಳನ್ನು ಕೆಡವಿದ್ದು ಕೊಳ್ಳುವವನ ಬಡತನ. ಸುಂಕ ಮಾಡಿದ್ದು ಬೇರೆ ಕೆಲಸ. ಜಗತ್ತೆಲ್ಲ ಬೇಲಿ ಹಾಕಿಕೊಳ್ಳುತ್ತಿದೆ, ಸ್ವಂತ ಸಾಮ್ರಾಜ್ಯ ಇಲ್ಲದವನಿಗೆ ಉಳಿಗಾಲ ಇಲ್ಲ ಎಂಬ ವಾದಕ್ಕೆ ಅದು ಬಲ ಕೊಟ್ಟಿತು. 1932ರಲ್ಲಿ ಬ್ರಿಟನ್ ಒಟ್ಟಾವಾದಲ್ಲಿ ತನ್ನ ವಸಾಹತುಗಳನ್ನು ಕೂಡಿಸಿಕೊಂಡು ಒಳಗಿನವರಿಗೆ ಕಡಿಮೆ ಸುಂಕ, ಹೊರಗಿನವರಿಗೆ ಜಾಸ್ತಿ ಎಂದು ಮಾಡಿತು. 1933ರಲ್ಲಿ ಭಾರತದ ಬ್ರಿಟಿಷ್ ಸರ್ಕಾರ ಜಪಾನಿನ ಹತ್ತಿ ಬಟ್ಟೆಗೆ 75% ಸುಂಕ ಹಾಕಿತು. ಜಪಾನಿನ ಗಿರಣಿಗಳು ನಮ್ಮ ಹತ್ತಿ ಕೊಳ್ಳುವುದನ್ನೇ ನಿಲ್ಲಿಸಿದವು. ಕೊನೆಗೆ 1934ರಲ್ಲಿ ಇಷ್ಟು ಗಜ ಬಟ್ಟೆಗೆ ಇಷ್ಟು ಬೇಲ್ ಹತ್ತಿ ಎಂದು ರಾಜಿಯಾಯಿತು.

ನಿಮ್ಮ ತಾತನ ಕಾಲಕ್ಕೂ ಇದರ ಬಿಸಿ ತಟ್ಟಿತ್ತು. ಅಮೆರಿಕ ಕೊಳ್ಳದ ಜಪಾನಿ ರೇಷ್ಮೆ ಅಗ್ಗವಾಗಿ ಭಾರತಕ್ಕೆ ಬಂದು ಸುರಿಯಿತು, ಚೀನಾದ್ದೂ ಜೊತೆಗೆ. ಮೈಸೂರು ಸೀಮೆಯ ರೇಷ್ಮೆಯವರು ಕಂಗಾಲಾದರು. ಸುಂಕ ಮಂಡಳಿಯ ವಿಚಾರಣೆ ನಡೆದು 1934ರಲ್ಲಿ ಒಂದಷ್ಟು ರಕ್ಷಣೆ ಸಿಕ್ಕಿತು. ಮುಂದೆ ಯುದ್ಧ ಬಂದು ಜಪಾನಿನ ಮಾಲು ನಿಂತಾಗ ಪ್ಯಾರಾಚೂಟ್ ಬಟ್ಟೆಗೆ ಅಂತ ಇದೇ ಮೈಸೂರು ರೇಷ್ಮೆಗೆ ಬೇಡಿಕೆಯೋ ಬೇಡಿಕೆ. ಊರ ಹಿರಿಯರನ್ನು ಕೇಳಿದರೆ ಆ ಕಥೆ ಇನ್ನೂ ಸಿಗಬಹುದು.

ಈಗ ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯನ ವಿಷಯ. ತಕಾಹಾಶಿ ಕೊರೆಕಿಯೊ. ಹುಡುಗನಾಗಿದ್ದಾಗ ಓದಲು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಯಾವುದೋ ಕಾಗದಕ್ಕೆ ಸಹಿ ಹಾಕಿ ಜೀತಕ್ಕೆ ಸಿಕ್ಕಿಬಿದ್ದವರು. ಮುಂದೆ ಪ್ರಧಾನಿಯೂ ಆದರು, ಹಲವು ಸಲ ಹಣಕಾಸು ಸಚಿವರೂ ಆದರು. 1931ರ ಡಿಸೆಂಬರ್‌ನಲ್ಲಿ ಮತ್ತೆ ಹಣಕಾಸು ಸಚಿವರಾಗಿ ಬಂದವರೇ ಯೆನ್ನಿಗೂ ಚಿನ್ನಕ್ಕೂ ಹಾಕಿದ್ದ ಗಂಟು ಬಿಚ್ಚಿದರು. ಯೆನ್ ಇಳಿಯಲು ಬಿಟ್ಟರು, ಸರ್ಕಾರದಿಂದ ಖರ್ಚು ಮಾಡಿಸಿದರು. ಬೇರೆ ದೇಶಗಳು ಇನ್ನೂ ಒದ್ದಾಡುತ್ತಿದ್ದಾಗಲೇ ಜಪಾನ್ ಚೇತರಿಸಿಕೊಂಡಿತು. ಆದರೆ ಆ ಖರ್ಚಿನ ದೊಡ್ಡ ಪಾಲು ಸೈನ್ಯಕ್ಕೆ ಹೋಗಿತ್ತು. ಇನ್ನು ಸಾಕು, ಕೈ ಬಿಗಿಹಿಡಿಯೋಣ ಎಂದು ಅವರು ಹೊರಟಾಗ ಸೈನ್ಯ ಕೇಳಲಿಲ್ಲ. 1936ರ ಫೆಬ್ರವರಿ 26ರ ಬೆಳಗಿನ ಜಾವ, ಹಿಮ ಬಿದ್ದಿತ್ತು. ಬಂಡಾಯದ ಅಧಿಕಾರಿಗಳು ಮನೆಗೆ ನುಗ್ಗಿ, ಹಾಸಿಗೆಯಲ್ಲಿದ್ದ 81 ವರ್ಷದ ಆ ಮುದುಕನನ್ನು ಗುಂಡು ಹೊಡೆದು, ಕತ್ತಿಯಿಂದ ಕಡಿದು ಕೊಂದರು. ಹಿಂದಿನ ಸಚಿವ ಇನೋಉಯೆ ನಾಲ್ಕು ವರ್ಷ ಮೊದಲೇ ಗುಂಡಿಗೆ ಬಲಿಯಾಗಿದ್ದರು.

ಗಮನಿಸಿ, ಅಷ್ಟು ಹೊತ್ತಿಗೆ ಕಷ್ಟದ ಕಾಲ ಬಹುಪಾಲು ಮುಗಿದಿತ್ತು. ಚೀನಾದ ಜೊತೆ ಪೂರ್ಣ ಯುದ್ಧ ಶುರುವಾದದ್ದು 1937ರಲ್ಲಿ. ಹಸಿವು ನೇರವಾಗಿ ಯುದ್ಧ ತರಲಿಲ್ಲ. ಬೇಡ ಎನ್ನುವ ಜನರ ಕೈಯಿಂದ ಅಧಿಕಾರ ಕಿತ್ತು, ಬೇಕು ಎನ್ನುವವರ ಕೈಗೆ ಕೊಟ್ಟಿತು. ಹಸಿವು ತೀರಿದ ಮೇಲೂ ಅವರು ಕುರ್ಚಿ ಬಿಡಲಿಲ್ಲ.

ಇಲ್ಲಿಯವರೆಗೂ ಅಮೆರಿಕದ ಜೊತೆ ಯುದ್ಧದ ಮಾತಿಲ್ಲ. ಅದಕ್ಕೆ ಎಣ್ಣೆ ಬರಬೇಕಾಯಿತು.

ಜಪಾನಿಗೆ ಬೇಕಾದ ತೈಲದಲ್ಲಿ ನೂರಕ್ಕೆ ಸುಮಾರು 80ರಷ್ಟು ಬರುತ್ತಿದ್ದದ್ದು ಅಮೆರಿಕದಿಂದ. ಅದಕ್ಕೆ ಬೇಕಾದ ಡಾಲರ್ ಬರುತ್ತಿದ್ದದ್ದು ಬಹುಮಟ್ಟಿಗೆ ರೇಷ್ಮೆಯಿಂದ. 1930ರ ದಶಕದ ಕೊನೆಗೆ ಆ ರೇಷ್ಮೆ ಮುಖ್ಯವಾಗಿ ಅಮೆರಿಕದ ಹೆಂಗಸರ ಕಾಲುಚೀಲವಾಗುತ್ತಿತ್ತು. 1940ರ ಮೇ 15ರಂದು ಡ್ಯುಪಾಂಟ್ ಕಂಪನಿಯ ನೈಲಾನ್ ನೂಲಿನ ಕಾಲುಚೀಲ ಅಮೆರಿಕದ ಅಂಗಡಿಗಳಿಗೆ ಬಂತು. ಹೆಂಗಸರು ಮುಗಿಬಿದ್ದು ಕೊಂಡರು. ಡಾಲರ್ ಬರುವ ದಾರಿ ಇನ್ನೊಂದು ಕಡೆಯಿಂದಲೂ ಮುಚ್ಚತೊಡಗಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಪಾನ್ ಜರ್ಮನಿಯ ಜೊತೆ ಕೈಜೋಡಿಸಿತು, ಅಮೆರಿಕ ಗುಜರಿ ಕಬ್ಬಿಣ ಕೊಡುವುದನ್ನು ನಿಲ್ಲಿಸಿತು. 1941ರ ಜುಲೈನಲ್ಲಿ ಜಪಾನಿನ ಸೈನ್ಯ ದಕ್ಷಿಣ ಇಂಡೋಚೈನಾಕ್ಕೆ, ಅಂದರೆ ಇವತ್ತಿನ ವಿಯೆಟ್ನಾಮಿಗೆ, ಇಳಿಯಿತು. ಅಮೆರಿಕ ಜಪಾನಿನ ದುಡ್ಡನ್ನೆಲ್ಲ ಸ್ಥಗಿತಗೊಳಿಸಿತು. ಬ್ರಿಟನ್ ಮತ್ತು ಡಚ್ಚರೂ ಹಾಗೇ ಮಾಡಿದರು.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ತೈಲ ಪೂರ್ತಿ ನಿಲ್ಲಿಸಲು ಹೊರಟಿರಲಿಲ್ಲ, ಲೈಸೆನ್ಸ್ ಮೂಲಕ ಅಳೆದು ಕೊಡುವ ಯೋಚನೆಯಲ್ಲಿದ್ದರು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಆದರೆ ವಾಷಿಂಗ್ಟನ್ನಿನ ಅಧಿಕಾರಿಗಳು, ಅದರಲ್ಲೂ ಡೀನ್ ಅಚೆಸನ್, ಹಣ ಬಿಡುಗಡೆಗೆ ದಾರಿಯನ್ನೇ ಬಿಡಲಿಲ್ಲ. ಲೈಸೆನ್ಸ್ ಇದ್ದು ಏನು ಪ್ರಯೋಜನ, ದುಡ್ಡು ಕೊಡಲು ಆಗದಿದ್ದರೆ? ಆಗಸ್ಟ್ ಹೊತ್ತಿಗೆ ಒಂದು ಹನಿಯೂ ಹೋಗುತ್ತಿರಲಿಲ್ಲ. ಕಚೇರಿ ಮೇಜಿನ ಮೇಲೆ ನಡೆದುಹೋದ ಕೆಲಸ ಇದು.

ನೌಕಾಪಡೆಯ ಮುಖ್ಯಸ್ಥ ನಗಾನೊ ಚಕ್ರವರ್ತಿಗೆ ಲೆಕ್ಕ ಒಪ್ಪಿಸಿದರು: ದಾಸ್ತಾನು ಎರಡು ವರ್ಷಕ್ಕೆ ಸಾಕು, ಯುದ್ಧವಾದರೆ ಒಂದೂವರೆ ವರ್ಷ. ಗೆಲ್ಲುತ್ತೀರಾ ಎಂದು ಚಕ್ರವರ್ತಿ ಕೇಳಿದರೆ, ಗೆಲುವೇ ಖಚಿತವಿಲ್ಲ ಎಂಬ ಉತ್ತರ. ಆಗಸ್ಟ್ ಕೊನೆಯಲ್ಲಿ ಸರ್ಕಾರದ್ದೇ ಒಂದು ಸಂಸ್ಥೆ, ಬೇರೆ ಬೇರೆ ಇಲಾಖೆಗಳಿಂದ ಆರಿಸಿದ ಮೂವತ್ತರ ಆಸುಪಾಸಿನ ಹುಡುಗರನ್ನು ಕೂರಿಸಿ, ಅಣಕು ಸಚಿವ ಸಂಪುಟ ಮಾಡಿಸಿ ಲೆಕ್ಕ ಹಾಕಿಸಿತ್ತು. ಅವರೂ ಅದನ್ನೇ ಹೇಳಿದರು. ಮೊದಲು ಗೆಲ್ಲುತ್ತೇವೆ, ಆಮೇಲೆ ಹಡಗು ಮುಳುಗುತ್ತವೆ, ಎಣ್ಣೆ ತಲುಪುವುದಿಲ್ಲ, ಸೋಲುತ್ತೇವೆ. ಯುದ್ಧಮಂತ್ರಿ ತೋಜೊ ಅದನ್ನು ಕೇಳಿಸಿಕೊಂಡು, ಯುದ್ಧ ಅನ್ನುವುದು ಮೇಜಿನ ಮೇಲಿನ ಲೆಕ್ಕದಂತೆ ನಡೆಯುವುದಿಲ್ಲ ಎಂದರು.

ಸೋಲುತ್ತೇವೆ ಎಂದು ಗೊತ್ತಿದ್ದೂ ಯಾಕೆ ಹೋದರು? ನಿಮ್ಮ ಪ್ರಶ್ನೆಯ ತಿರುಳು ಇದೇ ಎಂದು ನನಗೆ ಅನ್ನಿಸುತ್ತದೆ. ಅಮೆರಿಕ ಹಾಕಿದ ತಡೆ ಒಂದು ಗಡುವಾಯಿತು. ದಿನ ಕಳೆದಂತೆ ಟ್ಯಾಂಕಿನಲ್ಲಿ ಎಣ್ಣೆ ಇಳಿಯುತ್ತದೆ, ಅತ್ತ ಅಮೆರಿಕದ ಹಡಗುಕಟ್ಟೆಗಳಲ್ಲಿ ಹೊಸ ಹಡಗುಗಳು ಏಳುತ್ತವೆ. ಇವತ್ತು ಹೊಡೆದರೆ ಸ್ವಲ್ಪ ಆಸೆ ಉಂಟು, ಎರಡು ವರ್ಷ ಬಿಟ್ಟರೆ ಅದೂ ಇಲ್ಲ. ಎಣ್ಣೆ ಬೇಕಿದ್ದರೆ ಚೀನಾ ಬಿಟ್ಟು ಹೋಗು ಎಂದು ಅಮೆರಿಕ ಹೇಳುತ್ತಿತ್ತು. ಚೀನಾದ ಯುದ್ಧಕ್ಕೆ ಅಷ್ಟು ಜನರನ್ನು ಬಲಿಕೊಟ್ಟ ಸೈನ್ಯ ಅದಕ್ಕೆ ತಯಾರಿರಲಿಲ್ಲ. ಪ್ರಧಾನಿ ಕೊನೋಯೆ, ರೂಸ್‌ವೆಲ್ಟ್ ಜೊತೆ ಮುಖಾಮುಖಿ ಕೂತು ಮಾತಾಡಲು ಕೇಳಿಕೊಂಡರು. ಆಗಲಿಲ್ಲ. ಅಕ್ಟೋಬರ್‌ನಲ್ಲಿ ಅವರು ಇಳಿದು ತೋಜೊ ಪ್ರಧಾನಿಯಾದರು. ಇತ್ತ ಟೋಕಿಯೊದಲ್ಲಿದ್ದ ಅಮೆರಿಕದ ರಾಯಭಾರಿ ಗ್ರೂ, ಹಣಕಾಸಿನ ಒತ್ತಡಕ್ಕೆ ಇವರು ಬಗ್ಗುವವರಲ್ಲ, ಏಕಾಏಕಿ ಯುದ್ಧ ಬಂದೀತು ಎಂದು ನವೆಂಬರ್ 3ರಂದು ತಂತಿ ಕಳಿಸಿದರು. ಡಿಸೆಂಬರ್ 7ಕ್ಕೆ ಹವಾಯಿಯ ಪರ್ಲ್ ಹಾರ್ಬರಿನಲ್ಲಿದ್ದ ಅಮೆರಿಕದ ನೌಕಾನೆಲೆಯ ಮೇಲೆ ಜಪಾನಿನ ದಾಳಿ. ನಿಜವಾದ ಗುರಿ ಅದಲ್ಲ. ಇವತ್ತಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಾಲೆಂಬಾಂಗ್ ತೈಲ ಬಾವಿಗಳಿಗೆ ಹೋಗುವ ದಾರಿಯಲ್ಲಿ ಅಮೆರಿಕದ ನೌಕಾಪಡೆ ಅಡ್ಡ ಬರಬಾರದು, ಅಷ್ಟೇ.

ಹಾಗಂತ ಅಮೆರಿಕ ಸುಮ್ನೆ ಎಣ್ಣೆ ಕೊಡುತ್ತಾ ಇರಬೇಕಿತ್ತಾ? ಚೀನಾದ ಊರುಗಳ ಮೇಲೆ ಬಾಂಬು ಹಾಕುತ್ತಿದ್ದ ವಿಮಾನಗಳಿಗೆ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ತಪ್ಪು ಜಪಾನಿನದ್ದೇ. ಆದರೆ ಯುದ್ಧ ತಪ್ಪಿಸಲು ಎಂದು ಹಾಕಿದ ತಡೆ ಯುದ್ಧಕ್ಕೆ ತಾರೀಖು ನಿಗದಿ ಮಾಡಿತು ಎನ್ನುವುದೂ ನಿಜ.

ಮೊಮ್ಮಗನ ವಾದಕ್ಕೆ ಬರೋಣ. 1914ರಲ್ಲಿ ಬ್ರಿಟನ್ ಮತ್ತು ಜರ್ಮನಿ ಒಬ್ಬರಿಗೊಬ್ಬರು ದೊಡ್ಡ ಗಿರಾಕಿಗಳು. ಜರ್ಮನಿಯ ಹಡಗುಗಳಿಗೆ ವಿಮೆ ಲಂಡನ್ನಿನಲ್ಲಿ. ಆದರೂ ಹೊಡೆದಾಡಿದರು. ಆಗ ಯಾರಿಗೂ ಹಸಿವಿರಲಿಲ್ಲ. ರಷ್ಯಾದ ರೈಲು ಮತ್ತು ಸೈನ್ಯ 1917ರ ಹೊತ್ತಿಗೆ ತಯಾರಾದರೆ ನಮ್ಮ ಕಥೆ ಮುಗಿಯಿತು ಎಂಬ ಭಯ ಜರ್ಮನಿಯ ಸೇನಾಧಿಕಾರಿಗಳಿಗಿತ್ತು. ಮತ್ತೆ ಅದೇ ಗಡುವು.

ಆದರೆ ಮೊಮ್ಮಗ ಗೆಲ್ಲುವ ಉದಾಹರಣೆಯೂ ಒಂದಿದೆ, ಅದೂ ಇದೇ ಜಪಾನ್ ಮತ್ತು ಅಮೆರಿಕದ್ದು. 1980ರ ದಶಕದಲ್ಲಿ ಜಪಾನಿನ ಕಾರು, ಟೀವಿ, ಚಿಪ್ ಅಮೆರಿಕವನ್ನು ತುಂಬಿದವು. 1987ರಲ್ಲಿ ರೇಗನ್ ಜಪಾನಿನ ಕೆಲವು ಎಲೆಕ್ಟ್ರಾನಿಕ್ ಸರಕಿಗೆ 100% ಸುಂಕ ಹಾಕಿದರು. ಕೆಲವು ಸಂಸದರು ಸಂಸತ್ತಿನ ಮುಂದೆ ತೋಷಿಬಾ ರೇಡಿಯೊ ಒಂದನ್ನು ಸುತ್ತಿಗೆಯಿಂದ ಒಡೆದು ಫೋಟೊ ತೆಗೆಸಿಕೊಂಡರು. ಯುದ್ಧದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಜಪಾನನ್ನು ಕಾಯುತ್ತಿದ್ದದ್ದೇ ಅಮೆರಿಕದ ಸೈನ್ಯ. ಎಣ್ಣೆ ಎಲ್ಲಿ ಬೇಕಾದರೂ ಸಿಗುತ್ತಿತ್ತು. ನಷ್ಟ ಬರೀ ದುಡ್ಡಿನದ್ದು. 2025ರ ಆಗಸ್ಟ್‌ನಲ್ಲಿ ಟ್ರಂಪ್ ನಮ್ಮ ಸರಕಿನ ಮೇಲೂ ಸುಂಕವನ್ನು 50%ಗೆ ಏರಿಸಿದರಲ್ಲ, ತಿರುಪೂರು, ಸೂರತ್ತಿಗೆ ಪೆಟ್ಟು ಬಿತ್ತು, ಆದರೆ ಗಡುವು ಯಾರ ತಲೆಯ ಮೇಲೂ ಕೂರಲಿಲ್ಲ.

ಅಮೆರಿಕ–ಚೀನಾ ಇದರಲ್ಲಿ ಯಾವ ಜಾತಿ? 2025ರ ಏಪ್ರಿಲ್‌ನಲ್ಲಿ ಚೀನಾ ಮೇಲೆ ಅಮೆರಿಕದ ಸುಂಕ 145%, ಅಮೆರಿಕದ ಮೇಲೆ ಚೀನಾದ್ದು 125% ಆಗಿತ್ತು. ಟೀವಿ ಕೂಗಾಡಿದ್ದು ಆ ಅಂಕಿ ನೋಡಿ. ನನಗೆ ಅದಕ್ಕಿಂತ 2022ರ ಅಕ್ಟೋಬರ್ ಮುಖ್ಯ. ಆಗ ಅಮೆರಿಕ, ಮುಂದುವರಿದ ಚಿಪ್ ಮತ್ತು ಅದನ್ನು ಮಾಡುವ ಯಂತ್ರ ಚೀನಾಕ್ಕೆ ಹೋಗದಂತೆ ತಡೆಯಿತು. ಚೀನಾ ಅಪರೂಪದ ಲೋಹಗಳನ್ನು ಬಿಗಿಹಿಡಿದು ಉತ್ತರ ಕೊಟ್ಟಿತು. ಅದರ ಮ್ಯಾಗ್ನೆಟ್ ಸಿಗದೆ ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಮಾಡುವವರೂ ಪರದಾಡಿದರು. ಇವು ಎಣ್ಣೆಯ ಜಾತಿಗೆ ಸೇರಿದ ತಡೆಗಳು. ಜಗತ್ತಿನ ಅತಿ ಮುಂದುವರಿದ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ತೈವಾನಿನಲ್ಲಿ. ತೈವಾನ್ ತನ್ನದು ಎಂದು ಚೀನಾ ಹೇಳುತ್ತಲೇ ಬಂದಿದೆ. ಒಳಗೆ ಚೀನಾಕ್ಕೂ ಕಷ್ಟ ಇದೆ. ಎವರ್‌ಗ್ರಾಂಡ್‌ನಂಥ ಮನೆ ಕಟ್ಟುವ ಕಂಪನಿಗಳು ಮುಳುಗಿದವು. 2023ರ ಜೂನ್‌ನಲ್ಲಿ ಯುವಕರ ನಿರುದ್ಯೋಗ 21.3% ಮುಟ್ಟಿದಾಗ ಸರ್ಕಾರ ಕೆಲವು ತಿಂಗಳು ಅಂಕಿ ಕೊಡುವುದನ್ನೇ ನಿಲ್ಲಿಸಿತು.

ಆದರೆ 1941ರ ಜಪಾನಿಗೆ ತಿರುಗಿ ಹಿಡಿಯಲು ಕೈಯಲ್ಲಿ ಏನೂ ಇರಲಿಲ್ಲ. ಚೀನಾಕ್ಕೆ ಇದೆ. ಇಬ್ಬರೂ ಒಬ್ಬರ ಜುಟ್ಟು ಒಬ್ಬರು ಹಿಡಿದಿದ್ದಾರೆ. ಅಣುಬಾಂಬೂ ಇಬ್ಬರ ಬಳಿಯೂ ಇದೆ. ಬೀಜಿಂಗಿನಲ್ಲಿ ಕೂತವರಿಗೆ, ಹತ್ತು ವರ್ಷ ಕಾದರೆ ನಾವೇ ಬಲವಾಗುತ್ತೇವೆ ಎಂಬ ನಂಬಿಕೆ ಇರುವ ತನಕ ಅವಸರ ಇಲ್ಲ. ಆ ನಂಬಿಕೆ ಅಲುಗಾಡಿದರೆ ಮಾತ್ರ ನನಗೆ ಭಯ. ಜನಸಂಖ್ಯೆ ಇಳಿಯುತ್ತಿದೆ, ಬೆಳವಣಿಗೆ ನಿಧಾನವಾಗಿದೆ, ಹಾಗಾಗಿ ಭಯವೇ ಬೇಡ ಎಂದು ಹೇಳಲಾರೆ.

ಇಂಥ ಸುದ್ದಿ ಬಂದಾಗ ನಾನು ಸುಂಕ ಎಷ್ಟು ಪರ್ಸೆಂಟ್ ಎಂದು ನೋಡುವುದು ಕಡಿಮೆ. ಯಾವ ವಸ್ತು ನಿಂತಿತು, ಅದು ಬೇರೆ ಕಡೆ ಸಿಗುತ್ತದಾ, ಇಬ್ಬರೂ ಮಾತಾಡುತ್ತಿದ್ದಾರಾ ಎಂದು ನೋಡುತ್ತೇನೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಪೀಕರ್ ಪೆಲೋಸಿ ತೈವಾನಿಗೆ ಹೋಗಿಬಂದ ಮೇಲೆ ಚೀನಾ, ಎರಡೂ ಸೈನ್ಯಗಳ ಹಿರಿಯರ ನಡುವಿನ ಮಾತುಕತೆ ನಿಲ್ಲಿಸಿತ್ತು. ಅದು ಮತ್ತೆ ಶುರುವಾದದ್ದು 2023ರ ನವೆಂಬರ್‌ನಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ. ಆ ವರ್ಷಕ್ಕೂ ಜಾಸ್ತಿ ಕಾಲ ಟೀವಿಯಲ್ಲಿ ಅದರ ಸದ್ದೇ ಇರಲಿಲ್ಲ. 2025ರ ಅಕ್ಟೋಬರ್ 30ರಂದು ಟ್ರಂಪ್ ಮತ್ತು ಷಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಕೂತು, ಒಂದು ವರ್ಷದ ಮಟ್ಟಿಗೆ ಸುಂಕವನ್ನೂ ಲೋಹದ ಬಿಗಿಯನ್ನೂ ಸಡಿಲಿಸಲು ಒಪ್ಪಿದರು. ಯಾವ ತಗಾದೆಯೂ ತೀರಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೇ. 1941ರಲ್ಲಿ ಕೊನೋಯೆ ಕೇಳಿದ್ದೂ ಹೆಚ್ಚು ಕಡಿಮೆ ಅಷ್ಟನ್ನೇ.

– ಸಂ.