ಓದುಗರ ಪ್ರಶ್ನೆ: ವೈರಸ್ ಬದಲಾದರೆ ಟಿ ಕೋಶಕ್ಕೆ ಗುರುತು ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ನೇಕಾರರ ಮನೆತನ, ನನಗೆ 62 ವರ್ಷ. ಹೋದ ಮಳೆಗಾಲದಲ್ಲಿ ಫ್ಲೂ ಬಂದು ಎಂಟು ದಿನ ಮಗ್ಗದಲ್ಲಿ ಕೂರಲಾಗಲಿಲ್ಲ. ಈ ವೈರಸ್ ವರ್ಷವರ್ಷವೂ ಬದಲಾಗುವುದರಿಂದ ಪ್ರತಿವರ್ಷ ಲಸಿಕೆ ಬೇಕೆಂದು ವೈದ್ಯರು ಹೇಳಿದರು. ಆದರೆ ಬದಲಾದ ವೈರಸ್ಸನ್ನೂ ದೇಹವನ್ನು ಕಾಯುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಗುರುತಿಸುತ್ತವೆ ಎಂದು ಧಾರವಾಡದಲ್ಲಿ ಓದುತ್ತಿರುವ ಮೊಮ್ಮಗಳು ವಾದಿಸುತ್ತಾಳೆ. ಯಾರ ಮಾತು ಸರಿ?
— ಒಬ್ಬ ಓದುಗರು, ಗದಗ-ಬೆಟಗೇರಿ

ಉತ್ತರ: ಇಬ್ಬರ ಮಾತೂ ಸರಿ. ಫ್ಲೂ ವೈರಸ್ ತನ್ನ ವಂಶವಾಹಿ ವಸ್ತುವಾದ ಆರ್‌ಎನ್‌ಎಯನ್ನು ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಸೋಂಕನ್ನು ತಡೆಯಲು ದೇಹ ತಯಾರಿಸುವ ಪ್ರತಿಕಾಯಗಳು (ಆಂಟಿಬಾಡಿ) ವೈರಸ್ಸಿನ ಹೊರಮೈಯ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆ ಹೊರಮೈ ಬಹಳ ಬದಲಾವಣೆಯನ್ನು ತಾಳಿಕೊಳ್ಳುವುದರಿಂದ, ಹಳೆಯ ಪ್ರತಿಕಾಯಗಳಿಗೆ ಹೊಸ ವೈರಸ್ಸಿನ ಮೇಲೆ ಹಿಡಿತ ಸಿಗುವುದಿಲ್ಲ.

ಟಿ ಕೋಶ ನೋಡುವುದು ಇಡೀ ವೈರಸ್ಸನ್ನಲ್ಲ. ಸೋಂಕು ತಗಲಿದ ನಮ್ಮದೇ ಕೋಶ, ತನ್ನೊಳಗೆ ತಯಾರಾಗುತ್ತಿರುವ ವೈರಸ್ ಪ್ರೋಟೀನುಗಳನ್ನು ಕತ್ತರಿಸಿ, ಸಾಮಾನ್ಯವಾಗಿ ಎಂಟರಿಂದ ಹತ್ತು ಅಮೈನೋ ಆಮ್ಲಗಳಷ್ಟು ಉದ್ದದ ಚೂರುಗಳನ್ನು ಎಚ್‌ಎಲ್‌ಎ ಎಂಬ ಅಣುವಿನ ತೋಡಿನಲ್ಲಿಟ್ಟು ತನ್ನ ಹೊರಮೈಯಲ್ಲಿ ತೋರಿಸುತ್ತದೆ. ಸೆರಗು, ಅಂಚು ಯಾವುದನ್ನೂ ತೋರಿಸದೆ ಬೆರಳಗಲದ ತುಂಡೊಂದನ್ನು ಕೈಗೆ ಕೊಟ್ಟರೂ, ಹಾಸು ಹೊಕ್ಕಿನ ಎಳೆ ನೋಡಿ ಅದು ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ನೀವು ಹೇಳುತ್ತೀರಲ್ಲ, ಕೊಲ್ಲುವ ಟಿ ಕೋಶವೂ ಹಾಗೆಯೇ ಆ ಚೂರನ್ನು ಮುಟ್ಟಿ ನೋಡಿ ಸೋಂಕಿತ ಕೋಶವನ್ನು ನಾಶಮಾಡುತ್ತದೆ. ಚೂರಿನ ಜೊತೆಗೆ ಅದನ್ನು ಹಿಡಿದ ಅಣುವನ್ನೂ ಟಿ ಕೋಶ ಗುರುತಿಸಬೇಕೆಂದು 1970ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಅವರಿಗೆ 1996ರಲ್ಲಿ ನೊಬೆಲ್ ಬಂತು.

ಈ ಚೂರುಗಳು ವೈರಸ್ಸಿನ ಒಳಭಾಗದಿಂದಲೂ ಬರುತ್ತವೆ ಎನ್ನುವುದೇ ಮುಖ್ಯ. ಆರ್‌ಎನ್‌ಎಯನ್ನು ಸುತ್ತಿಕೊಂಡಿರುವ ಒಳಪ್ರೋಟೀನು ಮನಬಂದಂತೆ ಬದಲಾದರೆ ವೈರಸ್ಸೇ ಕೆಲಸಕ್ಕೆ ಬಾರದಂತಾಗುತ್ತದೆ. 2009ರಲ್ಲಿ ಎಚ್1ಎನ್1 ಹೊಸದಾಗಿ ಹರಡಿದಾಗ, ಇಂಥ ಒಳಪ್ರೋಟೀನುಗಳನ್ನು ಬಲ್ಲ ಟಿ ಕೋಶಗಳು ಮೊದಲೇ ಹೆಚ್ಚಿಗೆ ಇದ್ದವರಲ್ಲಿ ಕಾಯಿಲೆ ಸೌಮ್ಯವಾಗಿದ್ದುದು ಕಂಡುಬಂತು. ಕೋವಿಡ್‌ನಲ್ಲೂ ಹೀಗೆಯೇ ಆಯಿತು: 2021ರ ಕೊನೆಯಲ್ಲಿ ಬಂದ ಒಮಿಕ್ರಾನ್ ತಳಿಯ ಹೊರಮೈಯ ಸ್ಪೈಕ್ ಪ್ರೋಟೀನಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದು ಪ್ರತಿಕಾಯಗಳು ಬಹುಮಟ್ಟಿಗೆ ಸೋತರೂ, ಹೆಚ್ಚಿನವರ ಟಿ ಕೋಶಗಳು ಅದನ್ನು ಗುರುತಿಸಿದವು. ಇನ್ನೊಂದು ಮಾತು: ಎಚ್‌ಎಲ್‌ಎ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನಿಮ್ಮ ಕೋಶಗಳು ಎತ್ತಿ ತೋರಿಸುವ ಚೂರೇ ಬೇರೆ, ನಿಮ್ಮ ಮನೆಯವರದೇ ಬೇರೆ ಇರಬಹುದು. ಹಾಗಾಗಿ ಒಬ್ಬರಲ್ಲಿ ತಪ್ಪಿಸಿಕೊಂಡ ವೈರಸ್ ಇನ್ನೊಬ್ಬರಲ್ಲಿ ಸಿಕ್ಕಿಬೀಳುತ್ತದೆ.

ಟಿ ಕೋಶಗಳಿಂದಲೂ ನುಣುಚಿಕೊಳ್ಳುವ ವೈರಸ್ ಇಲ್ಲವೆಂದಲ್ಲ. ಎಚ್‌ಐವಿ ಒಂದೇ ದೇಹದಲ್ಲಿ ವರ್ಷಗಟ್ಟಲೆ ಇದ್ದುಕೊಂಡು, ಗುರುತಿಗೆ ಸಿಕ್ಕ ಚೂರನ್ನೇ ಬದಲಿಸಿಬಿಡುತ್ತದೆ. ಆದರೆ ಎಚ್‌ಎಲ್‌ಎ-ಬಿ27 ಎಂಬ ಬಗೆಯ ಎಚ್‌ಎಲ್‌ಎ ಇರುವವರಲ್ಲಿ ಅದು ಬದಲಿಸಬೇಕಾದದ್ದು ತನ್ನ ಒಳಕವಚದ ಮುಖ್ಯ ಭಾಗವನ್ನೇ. ಒಂದು ಕಡೆ ಬದಲಿಸಿದರೆ ಶಕ್ತಿ ಕುಂದುತ್ತದೆ, ಅದನ್ನು ಸರಿದೂಗಿಸಲು ಇನ್ನೊಂದು ಕಡೆಯೂ ಬದಲಾಗಬೇಕಾಗುತ್ತದೆ. ಆದ್ದರಿಂದ ಅವರಲ್ಲಿ ಕಾಯಿಲೆ ನಿಧಾನವಾಗಿ ಮುಂದುವರಿಯುತ್ತದೆ.

ಹಾಗಾದರೆ ಲಸಿಕೆ ಏಕೆ? ವೈರಸ್ ಕೋಶದೊಳಗೆ ಹೊಕ್ಕು ಚೂರುಗಳು ಹೊರಗೆ ಕಂಡ ಮೇಲೆಯೇ ಟಿ ಕೋಶದ ಕೆಲಸ ಶುರುವಾಗುವುದು. ಹಿಂದಿನ ಸೋಂಕನ್ನು ನೆನಪಿಟ್ಟುಕೊಂಡ ಟಿ ಕೋಶಗಳು ಸಾಕಷ್ಟು ಸಂಖ್ಯೆಗೆ ಬೆಳೆಯಲು ಕೆಲವು ದಿನ ಬೇಕು. ಅವು ಕಾಯಿಲೆಯ ತೀವ್ರತೆಯನ್ನು ತಗ್ಗಿಸಬಲ್ಲವೇ ಹೊರತು, ಬಾಗಿಲಲ್ಲೇ ತಡೆಯಲಾರವು. ಅಲ್ಲದೆ ಟಿ ಕೋಶಗಳು ಪಳಗುವ ಥೈಮಸ್ ಗ್ರಂಥಿ ವಯಸ್ಸಾದಂತೆ ಕುಗ್ಗುವುದರಿಂದ, ನಿಮ್ಮ ಪ್ರಾಯದಲ್ಲಿ ಹೊಸ ಟಿ ಕೋಶಗಳು ಹುಟ್ಟುವುದು ಬಹಳ ಕಡಿಮೆ. ಫ್ಲೂ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಪರಿಶೀಲಿಸುತ್ತದೆ. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಹೆಚ್ಚುವುದರಿಂದ, ಮುಂಗಾರಿಗೆ ಮೊದಲೇ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿರಿ. ಇದನ್ನು ಮಾತ್ರ ದಯವಿಟ್ಟು ಮುಂದೂಡಬೇಡಿರಿ.

ಪ್ರಶ್ನೆ: ಕೋವಿಡ್ ಪ್ರತಿಕಾಯ ಪರೀಕ್ಷೆಯಲ್ಲಿ ಪ್ರಮಾಣ ಕಡಿಮೆ ಬಂದಿದೆ. ನನ್ನ ರೋಗನಿರೋಧಕ ಶಕ್ತಿ ಹೋಯಿತೇ?
— ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ಹೋಗಿಲ್ಲ. ಪ್ರತಿಕಾಯಗಳು ತಿಂಗಳುಗಳಲ್ಲಿ ಇಳಿಯುವುದು ಸಹಜ, ಆ ಪರೀಕ್ಷೆ ಟಿ ಕೋಶಗಳನ್ನು ಅಳೆಯುವುದೂ ಇಲ್ಲ. ಅದಕ್ಕೆ ರಕ್ತದ ಜೀವಂತ ಕೋಶಗಳನ್ನು ವೈರಸ್ಸಿನ ಚೂರುಗಳ ಜೊತೆ ಇಟ್ಟು, ಎಷ್ಟು ಕೋಶಗಳು ಎಚ್ಚೆತ್ತು ಇಂಟರ್‌ಫೆರಾನ್ ಎಂಬ ಸಂಕೇತದ ಪ್ರೋಟೀನನ್ನು ಸುರಿಸಿದವೆಂದು ಎಣಿಸಬೇಕು. ಸಾಮಾನ್ಯ ಲ್ಯಾಬುಗಳಲ್ಲಿ ಇದನ್ನು ಮಾಡುವುದಿಲ್ಲ. 2003ರಲ್ಲಿ ಕೋವಿಡ್ ವೈರಸ್ಸಿನ ಸಂಬಂಧಿ ವೈರಸ್ಸಿನಿಂದ ಹರಡಿದ ಸಾರ್ಸ್ ಕಾಯಿಲೆಯಿಂದ ಗುಣವಾದವರಲ್ಲಿ 17 ವರ್ಷಗಳ ನಂತರವೂ ಆ ವೈರಸ್ಸನ್ನು ಬಲ್ಲ ಟಿ ಕೋಶಗಳು ಉಳಿದಿದ್ದವು.